ಗ್ರಾಮಸಭೆಗೆ ಹೋಗೋಣ, ಇರುಳಿಗರ ಅಕ್ಕನನ್ನೂ ಕರೆದುಕೊಂಡು ಹೋಗೋಣ
(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ಆಡಿದ ಮಾತುಗಳು)



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ಕಡೆಯಿಂದ ಬಂದಿದ್ದೀರಿ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದನ್ನು ಮನೆಯವರಿಗೆ ವಹಿಸಿ ಬಂದವರಿದ್ದೀರಿ. ಡೈರಿಗೆ ಹಾಲು ಹಾಕಿ ಹಾಗೇ ಬಸ್ಸು ಹತ್ತಿದವರಿದ್ದೀರಿ. ಗೊಂಬೆ ಕೆಲಸ ನಿಲ್ಲಿಸಿ ಬಂದವರೂ ಇದ್ದೀರಿ. ಇವತ್ತು ಸಾಲ, ಬಡ್ಡಿ, ಉಳಿತಾಯದ ಮಾತು ಬೇಡ. ನಮ್ಮ ಗ್ರಾಮ ಪಂಚಾಯ್ತಿಯ ಮಾತು ಆಡೋಣ.

ನಮ್ಮ ಸಂಘದ ಸಭೆ ಹೇಗೆ ನಡೆಯುತ್ತೆ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಹಾಜರಿ ಆಗಬೇಕು. ಕೋರಂ ಇಲ್ಲದಿದ್ದರೆ ಸಾಲದ ನಿರ್ಣಯ ಮಾಡುವುದಿಲ್ಲ. ನಡಾವಳಿ ಓದಿ ಹೇಳಿದ ಮೇಲೆಯೇ ಸಹಿ. ಖಾಲಿ ಹಾಳೆಗೆ ಸಹಿ ಹಾಕು ಅಂದರೆ ನಮ್ಮಲ್ಲಿ ಯಾರೂ ಹಾಕಲ್ಲ. ಈ ಶಿಸ್ತನ್ನು ನಮಗೆ ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ, ವರ್ಷಗಟ್ಟಲೆ ಕೂತು ಕಲಿತದ್ದು. ಆದರೆ ಅದೇ ನಾವು, ಯಾರಾದರೂ ಗ್ರಾಮಸಭೆಯ ಪುಸ್ತಕವನ್ನು ಮನೆ ಬಾಗಿಲಿಗೆ ತಂದು 'ಒಂದು ಸಹಿ ಹಾಕಮ್ಮ' ಅಂದರೆ, ಒಲೆ ಮುಂದಿನಿಂದ ಎದ್ದು ಬಂದು ಸಹಿ ಹಾಕಿಬಿಡುತ್ತೇವೆ. ಮೇಲೆ ಏನು ಬರೆದಿದೆ ಅಂತ ಕೇಳುವುದಿಲ್ಲ. ಯಾಕೆ? ಸಂಘ ನಮ್ಮದು, ಪಂಚಾಯ್ತಿ ಅವರದ್ದು ಅಂತ ನಮ್ಮ ಮನಸ್ಸಿನಲ್ಲಿ ಕೂತಿದೆ.

ಕಾನೂನು ಹಾಗೆ ಹೇಳುವುದಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಇದಕ್ಕೆ ಶುಲ್ಕ ಇಲ್ಲ, ಅರ್ಜಿ ಇಲ್ಲ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ಯಾವ ಕೆಲಸ ಮೊದಲು ಆಗಬೇಕು, ಮನೆ ಯಾರಿಗೆ ಸಿಗಬೇಕು ಎಂಬ ಪಟ್ಟಿ ಹುಟ್ಟುವುದು ಅಲ್ಲೇ. ಸಭೆಗೆ ಬಂದವರಲ್ಲಿ ಶೇಕಡಾ 30ರಷ್ಟಾದರೂ ಹೆಂಗಸರು ಇರಬೇಕು. ಅಂದರೆ ನಾವಿಲ್ಲದೆ ಆ ಸಭೆ ಪೂರ್ತಿ ಆಗುವುದೇ ಇಲ್ಲ.

ಚುನಾವಣೆಯಲ್ಲೂ ನಮ್ಮ ಪಾಲು ಒಮ್ಮೆಗೇ ಬಂದದ್ದಲ್ಲ. 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಇತ್ತು. 1993ರ ಕಾಯ್ದೆ ಅದನ್ನು ಮೂರರಲ್ಲಿ ಒಂದು ಪಾಲು ಮಾಡಿತು. 2010ರಲ್ಲಿ ಅರ್ಧ ಪಾಲು ಆಯಿತು. ಕುರ್ಚಿ ಸಿಕ್ಕಿತು, ಸರಿ. ಕುರ್ಚಿಯಲ್ಲಿ ಕೂತ ನಮ್ಮ ಅಕ್ಕ ಧೈರ್ಯವಾಗಿ ಮಾತಾಡಬೇಕಾದರೆ ಎದುರಿಗೆ ಚಾಪೆಯ ಮೇಲೆ ನಾವು ಕೂತಿರಬೇಕು. ಇಲ್ಲದಿದ್ದರೆ ಅವಳ ಬದಲು ಅವಳ ಯಜಮಾನರು ಮಾತಾಡುತ್ತಾರೆ.

ಇನ್ನು ಇವತ್ತಿನ ಮುಖ್ಯ ಮಾತು. ನಮ್ಮ ಸಂಘಗಳಲ್ಲಿ ಯಾರಿಲ್ಲ? ಸುತ್ತ ನೋಡಿ. ಕಾಡಂಚಿನಲ್ಲಿರುವ ಇರುಳಿಗರ ಹೆಣ್ಣುಮಕ್ಕಳು ಇಲ್ಲಿ ಎಷ್ಟು ಜನ ಇದ್ದಾರೆ? ಕೂಲಿ ಸಿಕ್ಕ ಕಡೆ ಹೋಗುವವರು ವಾರವಾರ ಉಳಿತಾಯ ಕಟ್ಟುವುದು ಕಷ್ಟ. ಕಟ್ಟಲಾಗದವರು ಸಂಘಕ್ಕೆ ಬರಲ್ಲ, ಸಂಘಕ್ಕೆ ಬಾರದವರಿಗೆ ಸಭೆಯ ಸುದ್ದಿಯೂ ಮುಟ್ಟಲ್ಲ. ಬಡವರಲ್ಲಿ ಬಡವರು ಪಟ್ಟಿಯಿಂದ ಹೊರಗೆ ಉಳಿಯುವುದು ಹೀಗೆ.

ಇರುಳಿಗರು ಈ ಬೆಟ್ಟಗುಡ್ಡಗಳಲ್ಲಿ ಜೇನು ಕಿತ್ತು, ಗೆಡ್ಡೆ ಅಗೆದು, ಸೌದೆ ತಂದು ಬದುಕಿದ ಜನ. ಅವರಿಗೆಂದೇ ಒಂದು ಕಾನೂನು ಇದೆ, 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಮೀನಿನಲ್ಲಿ ವಾಸವಿದ್ದ, ಸಾಗುವಳಿ ಮಾಡುತ್ತಿದ್ದ ಪರಿಶಿಷ್ಟ ಪಂಗಡದ ಕುಟುಂಬಕ್ಕೆ ಅಲ್ಲಿ ಹಕ್ಕುಪತ್ರ ಸಿಗಬೇಕು. ಸಾಗುವಳಿ ಎಷ್ಟಿದೆಯೋ ಅಷ್ಟಕ್ಕೆ ಸಿಗುತ್ತದೆ, ಹೆಚ್ಚೆಂದರೆ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಪತ್ರ ಆಗಬೇಕು. ಮಕ್ಕಳಿಗೆ ಬರುತ್ತದೆ, ಮಾರಲು ಆಗುವುದಿಲ್ಲ. ಜೇನು, ಸೀಗೆಯಂಥ ಕಿರು ಉತ್ಪನ್ನ ತರುವ ಹಕ್ಕೂ ಇದೆ. ಅರ್ಜಿಯ ಪರಿಶೀಲನೆ ಮುಗಿಯುವ ತನಕ ಅವರನ್ನು ಎಬ್ಬಿಸುವಂತಿಲ್ಲ.

ಈ ಅರ್ಜಿ ಶುರುವಾಗುವುದು ಎಲ್ಲಿ ಗೊತ್ತೇ? ತಾಲ್ಲೂಕು ಕಚೇರಿಯಲ್ಲಲ್ಲ, ಗ್ರಾಮಸಭೆಯಲ್ಲಿ. ಇದು ಇಡೀ ಪಂಚಾಯ್ತಿಯ ಸಭೆಯಲ್ಲ, ಆ ಊರಿನ, ಆ ದೊಡ್ಡಿಯ ವಯಸ್ಕರೆಲ್ಲ ಸೇರುವ ಸಭೆ. ಅದನ್ನು ಕರೆಯಬೇಕಾದದ್ದು ಮಾತ್ರ ಗ್ರಾಮ ಪಂಚಾಯ್ತಿ. ಅಲ್ಲಿ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆಗಬೇಕು. ಅದರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರು ಇರಬೇಕು. 2012ರ ತಿದ್ದುಪಡಿಯ ನಂತರ ಊರಿನ ಅರ್ಧದಷ್ಟು ಜನ ಸೇರಿದರೆ ಕೋರಂ. ಸೇರಿದವರಲ್ಲೂ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಸಭೆ ಒಪ್ಪಿದ ಅರ್ಜಿ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿಗಳ ಸಮಿತಿಗೆ ಹೋಗುತ್ತದೆ. ಬುಡದಲ್ಲಿ ಸಭೆಯೇ ನಡೆಯದಿದ್ದರೆ ಮೇಲೆ ಯಾವ ಸಾಹೇಬರೂ ಏನೂ ಮಾಡಲಾಗುವುದಿಲ್ಲ.

'ಅವರ ಹತ್ತಿರ ಕಾಗದವೇ ಇಲ್ಲವಲ್ಲ ಸಿಸ್ಟರ್' ಅಂತ ಕೇಳುತ್ತೀರಿ. ಕಾಗದ ಒಂದೇ ಸಾಕ್ಷಿ ಅಲ್ಲ. ಹಿರಿಯರ ಹೇಳಿಕೆ ಬರೆಸಿಕೊಳ್ಳಬಹುದು. ಹಳೇ ಬಾವಿ, ಸಮಾಧಿ, ದೇವರ ಕಲ್ಲು, ಮನೆಯ ತಳಪಾಯ ಇವೂ ಸಾಕ್ಷಿಯೇ. ಆದರೆ ಹೇಳಬಲ್ಲ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರು ಹೋದರೆ ಸಾಕ್ಷಿಯೂ ಹೋದ ಹಾಗೆ. ಇತ್ತ ಬೆಂಗಳೂರು ಹತ್ತಿರ ಹತ್ತಿರ ಬರುತ್ತಿದೆ. 2007ರಲ್ಲಿ ರಾಮನಗರ ಜಿಲ್ಲೆ ಆಯಿತು, 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಜಮೀನಿನ ಬೆಲೆ ಏರಿದ ಕಡೆ ಪತ್ರ ಇಲ್ಲದವರ ಮಾತು ಕೇಳುವವರು ಕಡಿಮೆ. ಆದ್ದರಿಂದ ತಡ ಮಾಡುವಂತಿಲ್ಲ.

ಹಾಗಾದರೆ ನಾವು ಏನು ಮಾಡೋಣ?

1. ಮುಂದಿನ ವಾರ್ಡ್ ಸಭೆಯ ದಿನಾಂಕವನ್ನು ಪಿಡಿಓ ಅವರಲ್ಲಿ ಕೇಳಿ, ಸಂಘದ ನಡಾವಳಿಯಲ್ಲಿ ಬರೆಯೋಣ.

2. ಸಂಘದ ಬೇಡಿಕೆಗಳನ್ನು ಬರೆದು ಕೊಟ್ಟು, ಸ್ವೀಕೃತಿ ಪಡೆಯೋಣ. ಬಾಯಿಮಾತು ಗಾಳಿಗೆ ಹೋಗುತ್ತದೆ.

3. ಮನೆ ಬಾಗಿಲಿಗೆ ಬಂದ ಪುಸ್ತಕಕ್ಕೆ ಸಹಿ ಬೇಡ. 'ಸಭೆಗೆ ಬರ್ತೀವಿ, ಅಲ್ಲೇ ಹಾಕ್ತೀವಿ' ಅನ್ನೋಣ.

4. ಹತ್ತಿರದ ಇರುಳಿಗರ ಕಾಲೋನಿಗೆ ಹೋಗಿ, ಅರಣ್ಯ ಹಕ್ಕು ಸಮಿತಿ ಆಗಿದೆಯೇ, ಅರ್ಜಿ ಕೊಟ್ಟಿದ್ದಾರೆಯೇ, ತಿರಸ್ಕಾರ ಆಗಿದೆಯೇ ಎಂದು ವಿಚಾರಿಸೋಣ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆ ಇಲ್ಲದವರು 60 ದಿನದೊಳಗೆ ಉಪವಿಭಾಗ ಸಮಿತಿಗೆ ಮೇಲ್ಮನವಿ ಕೊಡಬಹುದು.

5. ಅವರ ಪರವಾಗಿ ನಾವೇ ಮಾತಾಡಿಬಿಡುವುದು ಬೇಡ. ಅವರನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಅವರು ಮಾತಾಡುವಾಗ ನಾವು ಜೊತೆಗಿರೋಣ.

'ನಮ್ಮದೇ ನೂರು ಕಷ್ಟ, ಅವರದ್ದೆಲ್ಲಿ ನೋಡೋದು' ಅಂತ ಅನ್ನಿಸಬಹುದು. ಒಬ್ಬಳ ಹೆಬ್ಬೆಟ್ಟಿಗೆ ಬ್ಯಾಂಕು ಬೆಲೆ ಕೊಡದಿದ್ದ ಕಾಲದಲ್ಲಿ ಇಪ್ಪತ್ತು ಜನ ಸೇರಿದ್ದಕ್ಕೆ ತಾನೇ ನಮಗೆ ಸಾಲ ಸಿಕ್ಕಿದ್ದು? ಆ ಇಪ್ಪತ್ತರ ಬಲ ಇನ್ನೊಬ್ಬಳಿಗೂ ಆಗಲಿ. ಈ ಐದನ್ನೂ ಈ ತಿಂಗಳ ಸಂಘದ ಸಭೆಯಲ್ಲೇ ಓದಿ, ಯಾರು ಯಾವ ಕೆಲಸ ಮಾಡುತ್ತೀರಿ ಎಂದು ಹೆಸರು ಬರೆದು ನಿರ್ಣಯ ಮಾಡಿ. ಮುಂದಿನ ಒಕ್ಕೂಟದ ಸಭೆಯಲ್ಲಿ ಆ ನಡಾವಳಿಯನ್ನು ನಾವೆಲ್ಲ ಕೂತು ಓದೋಣ.

ಎಲ್ಲರಿಗೂ ಒಳ್ಳೆಯದಾಗಲಿ.