ನಮ್ಮ ಶಾಲೆಯ ಹಳೇ ಕಂಪ್ಯೂಟರಿಗೆ ಒಂದು ಹಗುರ ತಂತ್ರಾಂಶ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಗ್ರಾಮೀಣ ಶಾಲೆ ಮತ್ತು ಮಾಹಿತಿ ತಂತ್ರಜ್ಞಾನ’. ವಿಷಯ ದೊಡ್ಡದು, ಕೊಟ್ಟಿರುವ ಸಮಯ 15 ನಿಮಿಷ. ಹಾಗಾಗಿ ಅಷ್ಟು ದೊಡ್ಡದಕ್ಕೆ ನಾನು ಕೈ ಹಾಕುವುದಿಲ್ಲ. ಇದೇ ಕಟ್ಟಡದ ಕಂಪ್ಯೂಟರ್ ಕೊಠಡಿಯಲ್ಲಿ ನಾನು ಮಾಡಿದ ಒಂದು ಎಡವಟ್ಟು, ಅದನ್ನು ಸರಿಪಡಿಸಲು ಪಟ್ಟ ಪಾಡು, ಅದರಿಂದ ಕಲಿತ ಪಾಠ, ಇಷ್ಟನ್ನು ಮಾತ್ರ ಹೇಳುತ್ತೇನೆ. ಬೇರೆ ಊರಿನ ಶಾಲೆಗಳಲ್ಲಿ ಕೆಲಸ ಮಾಡುವ ಶಿಕ್ಷಕರೂ ಇಲ್ಲಿದ್ದೀರಿ. ನಿಮಗೂ ಉಪಯೋಗಕ್ಕೆ ಬರಬಹುದು.

ನಾನು ಇಲ್ಲಿ ಓದುವಾಗ ಕಂಪ್ಯೂಟರನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಕೈಯಿಂದ ಮುಟ್ಟಿದ್ದು ಬಿ.ಇ. ಸೇರಿದ ಮೇಲೆ. ಆ ನೆನಪಿನಿಂದಲೇ ಎರಡು ವರ್ಷದ ಹಿಂದೆ ನಮ್ಮ ಬ್ಯಾಚಿನವರೆಲ್ಲ ಸೇರಿ ಶಾಲೆಗೆ ಒಂದು ಪ್ರೊಜೆಕ್ಟರ್ ಮತ್ತು ಆರು ಹಳೆಯ ಕಂಪ್ಯೂಟರ್ ತಂದುಕೊಟ್ಟೆವು. ಕಚೇರಿಗಳಲ್ಲಿ ಬಳಸಿ ಬದಿಗಿಟ್ಟಿದ್ದವು. ಒಂದೊಂದಕ್ಕೂ 2 ಜಿಬಿ ಮೆಮೊರಿ. ಈಗಿನ ಸಾಧಾರಣ ಮೊಬೈಲಿನಲ್ಲೂ ಇದಕ್ಕಿಂತ ಹೆಚ್ಚಿರುತ್ತದೆ. ಅವುಗಳಿಗೆ ಹೊಸ ವಿಂಡೋಸ್ ಹಾಕಿದರೆ ಮೇಲೇಳುವುದೇ ಕಷ್ಟ. ಆದ್ದರಿಂದ ನಾನು ಲಿನಕ್ಸ್ ಹಾಕಿದೆ.

ಲಿನಕ್ಸ್ ಎಂದರೇನು ಎಂದು ಹಿರಿಯರು ಕೇಳಬಹುದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಜೊತೆಯವರು ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಕಟ್ಟಲು ಶುರುಮಾಡಿದರು. ಒಂದೊಂದು ಸಣ್ಣ ಸಾಧನ ಒಂದೊಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕು ಎನ್ನುವುದು ಆ ಪರಂಪರೆಯ ಕ್ರಮ. ಅದೇ ಜಾಡಿನಲ್ಲಿ 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆದದ್ದು ಲಿನಕ್ಸ್. ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು. ಶಾಲೆಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಎಡವಟ್ಟಾದದ್ದು ಅಲ್ಲಲ್ಲ.

ವಿಜ್ಞಾನದ ಮೇಡಂ ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠಕ್ಕೆ ಬಹಳ ಆಸೆಯಿಂದ ಸ್ಲೈಡ್ ತಯಾರಿಸಿಕೊಂಡು ಬಂದಿದ್ದರು. ಹೊಲದಲ್ಲಿ, ಹಿತ್ತಿಲಿನಲ್ಲಿ ತಾವೇ ಮೊಬೈಲಿನಲ್ಲಿ ತೆಗೆದ 22 ಎಲೆಗಳ ಫೋಟೋ ಅದರಲ್ಲಿತ್ತು. ಲಿನಕ್ಸ್ ಜೊತೆ ಬರುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ತೆರೆದೆವು. ತೆರೆಯಿತು, ನಿಂತಿತು. ಮುಂದಿನ ಸ್ಲೈಡಿಗೆ ಹೋಗು ಎಂದರೆ ಪರದೆ ಬೆಳ್ಳಗಾಗುತ್ತಿತ್ತು. 40 ನಿಮಿಷದ ಪೀರಿಯಡ್ಡಿನಲ್ಲಿ ನಾಲ್ಕು ಎಲೆ ನೋಡುವಷ್ಟರಲ್ಲಿ ಗಂಟೆ ಬಾರಿಸಿತು. ಮೇಡಂ ಏನೂ ಅನ್ನಲಿಲ್ಲ. ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ಮುಂದಿನ ತರಗತಿಗೆ ಹೋದರು. ಅವರು ಬೈದಿದ್ದರೆ ನನಗೆ ಇನ್ನೂ ಸಮಾಧಾನವಾಗುತ್ತಿತ್ತು.

ತಂತ್ರಾಂಶ ಭಾರವಾಯಿತು, ಇನ್ನೂ ಹಗುರವಾದದ್ದನ್ನು ಹಾಕೋಣ ಎಂದು ನಾನು ಆ ರಾತ್ರಿಯೇ ತೀರ್ಮಾನಿಸಿದೆ. ನಮ್ಮ ಕಸುಬಿನವರಿಗೆ ಇದೊಂದು ಚಟ. ಲಿನಕ್ಸಿನಲ್ಲಿ ‘ಸೆಂಟ್’ ಎಂಬ ಪುಟ್ಟ ಸ್ಲೈಡ್ ತಂತ್ರಾಂಶವಿದೆ. ಒಂದು ಸಾದಾ ಕಡತದಲ್ಲಿ ಬರೆಯುತ್ತಾ ಹೋದರೆ ಒಂದೊಂದು ಪ್ಯಾರಾ ಒಂದೊಂದು ಸ್ಲೈಡ್ ಆಗುತ್ತದೆ. ಅಕ್ಷರವನ್ನು ಪರದೆ ತುಂಬುವಷ್ಟು ದೊಡ್ಡದಾಗಿ ತಾನೇ ಮಾಡಿಕೊಳ್ಳುತ್ತದೆ. ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆಯುತ್ತದೆ. ನಾನು ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಅದನ್ನೇ ಬಳಸಿ ಮೆಚ್ಚಿಕೊಂಡಿದ್ದೆ. ಮುಂದಿನ ಶನಿವಾರ ಅದನ್ನು ಹಾಕಿ, ಮೇಡಂ ಪಾಠವನ್ನು ನಾನೇ ಕೂತು ಅದಕ್ಕೆ ಇಳಿಸಿ, ಹೆಮ್ಮೆಯಿಂದ ತೋರಿಸಿದೆ.

ಮೊದಲ ಸ್ಲೈಡ್ ಒಂದೇ ಪದ: ದ್ಯುತಿಸಂಶ್ಲೇಷಣೆ. ಪರದೆಯ ಮೇಲೆ ಬಂದದ್ದು ಬೇರೆಯೇ. ‘ದ’ ಒಂದು ಕಡೆ, ಅರ್ಧಾಕ್ಷರದ ಗುರುತು ಒಂದು ಕಡೆ, ಕೆಳಗೆ ಒತ್ತಾಗಬೇಕಿದ್ದ ‘ಯ’ ಪಕ್ಕದಲ್ಲಿ ಇಡಿಯಾಗಿ ನಿಂತಿತ್ತು. ಮುಂದಿನ ಬೆಂಚಿನ ಹುಡುಗಿ ಜೋರಾಗಿ ಓದಲು ಹೋಗಿ ತಡವರಿಸಿದಳು. ತರಗತಿ ಗೊಳ್ಳೆಂದಿತು. ಅವಳು ತಲೆ ತಗ್ಗಿಸಿದಳು. ತಪ್ಪು ಅವಳದಾಗಿರಲಿಲ್ಲ. ತಂತ್ರಾಂಶ ಬರೆದವರದ್ದೂ ಅಲ್ಲ, ಅವರು ಅದನ್ನು ಈ ಕೆಲಸಕ್ಕೆಂದು ಮಾಡಿರಲಿಲ್ಲ. ಕನ್ನಡದಲ್ಲಿ ಒಂದು ಸಲವೂ ಪರೀಕ್ಷಿಸದೆ ತಂದು ಹಾಕಿದವನು ನಾನು.

ನಿವೃತ್ತರಾದ ನಮ್ಮ ಕನ್ನಡ ಮೇಷ್ಟ್ರು ಅವತ್ತು ಶಾಲೆಗೆ ಬಂದಿದ್ದರು. ಒತ್ತಕ್ಷರ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದವರು ಎಂದರೆ ಇಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ. ಅವರು ಕಿಟಕಿಯಿಂದ ಇಣುಕಿ, “ಏನಪ್ಪಾ, ಹಗುರ ಮಾಡೋಕೆ ಅಂತ ಅಕ್ಷರದ ಕಾಲನ್ನೇ ಕತ್ತರಿಸಿಬಿಟ್ಯಾ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಬೆಂಗಳೂರು ಸೇರುವವರೆಗೂ ಆ ಮಾತು ಬಿಡಲಿಲ್ಲ.

ಕಾಲು ಏಕೆ ಕತ್ತರಿಸಿತು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಲಿನಕ್ಸ್ ಹುಟ್ಟಿದ 1991ರಲ್ಲೇ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತು. ಅದರಲ್ಲಿ ‘ಕ’ಕ್ಕೆ ಒಂದು ಸಂಖ್ಯೆ ಇದೆ, ‘ಯ’ಕ್ಕೆ ಒಂದಿದೆ, ಅರ್ಧಾಕ್ಷರದ ಗುರುತಿಗೆ ಒಂದಿದೆ. ‘ಯ’ ಒತ್ತಿಗೆ ಬೇರೆ ಸಂಖ್ಯೆ ಇಲ್ಲ. ದ, ಅರ್ಧಾಕ್ಷರ, ಯ ಹೀಗೆ ಸಾಲಾಗಿ ಬಂದಾಗ ಯಕಾರವನ್ನು ಒತ್ತು ಮಾಡಿ ದಕಾರದ ಜೊತೆ ಕೂಡಿಸುವ ಕೆಲಸವನ್ನು ಇನ್ನೊಂದು ತಂತ್ರಾಂಶ ಮಾಡಬೇಕು. ಮೊಳೆ ಜೋಡಿಸುವವನ ಕೆಲಸ ಎನ್ನಿ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನ್ ಇವುಗಳಲ್ಲೆಲ್ಲ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಸಾಧನ. ಇಂಗ್ಲಿಷಿಗೆ ಅಷ್ಟೆಲ್ಲ ಬೇಕಿಲ್ಲ, ಒಂದರ ಪಕ್ಕ ಒಂದು ಅಕ್ಷರ ಇಟ್ಟರಾಯಿತು. ತೀರಾ ಹಗುರವಾದ ಕೆಲವು ತಂತ್ರಾಂಶಗಳು ಹಗುರವಾಗಿರುವುದಕ್ಕೆ ಒಂದು ಕಾರಣ, ಈ ಜೋಡಿಸುವವನನ್ನು ಅವು ಇಟ್ಟುಕೊಂಡೇ ಇಲ್ಲ.

ಮುಂದಿನ ಎರಡು ತಿಂಗಳು ಬಿಡುವಿದ್ದಾಗಲೆಲ್ಲ ಒಂದೊಂದನ್ನೇ ನೋಡಿದೆ. ‘ಎಂಡಿಪಿ’ ಎಂಬುದು ಟರ್ಮಿನಲ್ಲಿನ ಕಪ್ಪು ಕಿಟಕಿಯೊಳಗೇ ಸ್ಲೈಡ್ ತೋರಿಸುತ್ತದೆ. ಒಂದೇ ಅಳತೆಯ ಚೌಕಗಳಲ್ಲಿ ಅಕ್ಷರ ಕೂರಿಸುವ ಆ ಕಿಟಕಿಗೂ ಕನ್ನಡಕ್ಕೂ ಆಗಿಬರುವುದಿಲ್ಲ. ಆಮೇಲೆ ‘ಬೀಮರ್’ ನೋಡಿದೆ. ಗಣಿತದ ಪುಸ್ತಕಗಳನ್ನು ಅಂದವಾಗಿ ಮುದ್ರಿಸಲು ಬಳಸುವ ಲೇಟೆಕ್‌ನ ಸ್ಲೈಡ್ ಶಾಖೆ ಅದು. ಝೀಲೇಟೆಕ್ ಮೂಲಕ ಓಡಿಸಿದರೆ ಒತ್ತಕ್ಷರ ಎಲ್ಲ ಸರಿಯಾಗಿ ಬರುತ್ತದೆ, ಸಮೀಕರಣಗಳಂತೂ ಕಣ್ಣಿಗೆ ಹಬ್ಬ. ನನಗೆ ಬಹಳ ಹಿಡಿಸಿತು. ಮೇಡಂಗೆ ತೋರಿಸಿದೆ. ಒಂದು ಸ್ಲೈಡಿಗೆ ಬರೆಯಬೇಕಾದ ಆದೇಶಗಳನ್ನು ನೋಡಿ ಅವರು ಸೌಮ್ಯವಾಗಿ ಕೇಳಿದರು: “ಸರ್, ನನಗೆ ವಾರಕ್ಕೆ ಎಷ್ಟು ಪೀರಿಯಡ್ ಇದೆ ಗೊತ್ತಾ? ಇದರ ಜೊತೆ ಮೌಲ್ಯಮಾಪನ, ಬಿಸಿಯೂಟದ ಲೆಕ್ಕ. ಇದನ್ನು ಯಾವಾಗ ಕಲಿಯಲಿ?”

ನನ್ನ ಕಣ್ಣು ತೆರೆದದ್ದು ಆಗ. ಅಲ್ಲಿಯವರೆಗೆ ನಾನು ಯಂತ್ರಕ್ಕೆ ಯಾವುದು ಹಗುರ ಎಂದು ಮಾತ್ರ ಅಳೆಯುತ್ತಿದ್ದೆ. ಪಾಠ ಮಾಡುವವರ ಕೈಗೆ ಹಗುರವೇ, ಓದುವ ಮಗುವಿನ ಕಣ್ಣಿಗೆ ಹಗುರವೇ ಎಂದು ಕೇಳಿಯೇ ಇರಲಿಲ್ಲ.

ಮತ್ತೆ ಮೊದಲಿನಿಂದ ಯೋಚಿಸಿದೆ. ಮೇಡಂಗೆ ಇಂಪ್ರೆಸ್ ಬರುತ್ತದೆ. ಅವರ ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಸಲೀಸಾಗಿ ಓಡುತ್ತದೆ. ಶಾಲೆಯ ಯಂತ್ರದಲ್ಲಿ ಅದು ನಿಂತದ್ದೇಕೆ? ಕಡತ ಬಿಚ್ಚಿ ನೋಡಿದರೆ ಕಾರಣ ಫೋಟೋಗಳಲ್ಲಿ ಕೂತಿತ್ತು. ಒಂದೊಂದು ಚಿತ್ರ 4000 ಅಡ್ಡ, 3000 ಉದ್ದ, ಅಂದರೆ 1 ಕೋಟಿ 20 ಲಕ್ಷ ಚುಕ್ಕಿ. ಚುಕ್ಕಿಗೆ 3 ಬೈಟ್‌ನಂತೆ ಮೆಮೊರಿಯಲ್ಲಿ ಬಿಡಿಸಿದರೆ ಒಂದು ಫೋಟೋಗೆ 36 ಎಂಬಿ. ಇಪ್ಪತ್ತೆರಡನ್ನೂ ಬಿಡಿಸಿದರೆ 792 ಎಂಬಿ. ನಮ್ಮ ಪ್ರೊಜೆಕ್ಟರ್ ಗೋಡೆಯ ಮೇಲೆ ತೋರಿಸುವುದೋ 1024 ಅಡ್ಡ, 768 ಉದ್ದ, ಎಂಟು ಲಕ್ಷಕ್ಕಿಂತ ಕಡಿಮೆ ಚುಕ್ಕಿ. ಹದಿನೈದು ಪಾಲು ಹೊತ್ತು ತಂದು ಒಂದು ಪಾಲು ಬಡಿಸಿದ ಹಾಗೆ. ನಾನು ಸುಮ್ಮನೆ ತಂತ್ರಾಂಶವನ್ನು ದೂರಿದ್ದೆ.

ಈಗ ನಮ್ಮ ಶಾಲೆಯಲ್ಲಿ ನಡೆಯುತ್ತಿರುವ ಕ್ರಮ ಇಷ್ಟೇ. ಶಿಕ್ಷಕರು ತಮಗೆ ಬರುವ ತಂತ್ರಾಂಶದಲ್ಲಿ, ಮನೆಯಲ್ಲೋ ಬೇರೆ ಕಡೆಯೋ, ಸ್ಲೈಡ್ ತಯಾರಿಸುತ್ತಾರೆ. ಮುಗಿದ ಮೇಲೆ ಅದನ್ನು ಪಿಡಿಎಫ್ ಆಗಿ ರಫ್ತು ಮಾಡುತ್ತಾರೆ. ಇಂಪ್ರೆಸ್‌ನಲ್ಲಿ ರಫ್ತು ಮಾಡುವಾಗ ಚಿತ್ರಗಳ ರೆಸಲ್ಯೂಶನ್ ಇಳಿಸುವ ಆಯ್ಕೆ ಇದೆ. ಅಲ್ಲಿ 150 ಡಿಪಿಐ ಕೊಟ್ಟರೆ ನಮ್ಮ ಪ್ರೊಜೆಕ್ಟರಿಗೆ ಧಾರಾಳವಾಯಿತು. ಆ ಪಿಡಿಎಫ್ ಅನ್ನು ಪೆನ್‌ಡ್ರೈವಿನಲ್ಲಿ ತಂದು, ಶಾಲೆಯ ಯಂತ್ರದಲ್ಲಿ ‘ಎವಿನ್ಸ್’ ಎಂಬ ಪಿಡಿಎಫ್ ವೀಕ್ಷಕದಲ್ಲಿ ತೆರೆದು ಎಫ್5 ಕೀಲಿ ಒತ್ತುತ್ತಾರೆ. ಸ್ಲೈಡ್ ಪರದೆ ತುಂಬುತ್ತದೆ. ಇನ್ನೂ ಸಣ್ಣದು ಬೇಕೆಂದರೆ ‘ಮ್ಯೂಪಿಡಿಎಫ್’ ಇದೆ. ಭಾಷಣಕಾರನಿಗೆ ಬೇರೆ ಪರದೆಯಲ್ಲಿ ಟಿಪ್ಪಣಿ, ಗಡಿಯಾರ ಬೇಕೆಂದರೆ ‘ಪಿಡಿಎಫ್‌ಪಿಸಿ’ ಇದೆ. ನಮಗೆ ಎವಿನ್ಸ್ ಸಾಕಾಯಿತು.

ಒತ್ತಕ್ಷರಗಳ ಕಥೆ ಏನಾಯಿತು? ಪಿಡಿಎಫ್ ಆಗುವಾಗಲೇ ಅಕ್ಷರ ಜೋಡಣೆ ಮುಗಿದಿರುತ್ತದೆ, ಬಳಸಿದ ಫಾಂಟೂ ಕಡತದೊಳಗೇ ಸೇರಿರುತ್ತದೆ. ತೋರಿಸುವ ಯಂತ್ರದಲ್ಲಿ ಕನ್ನಡ ಫಾಂಟ್ ಇರಲಿ ಬಿಡಲಿ, ಅಕ್ಷರದ ಕಾಲು ಅಲುಗುವುದಿಲ್ಲ. ಲಿನಕ್ಸಿನಲ್ಲೇ ತಯಾರಿಸುವವರಿಗೆ ಡೆಬಿಯನ್‌ನಂಥ ಹಂಚಿಕೆಗಳಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಉಚಿತ ಕನ್ನಡ ಫಾಂಟುಗಳೂ ಸಿಗುತ್ತವೆ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಹಳೆಯ ಟಿಪ್ಪಣಿ ಇದ್ದರೆ ಮಾತ್ರ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಚಿತ್ತಾರ ಕಾಣುತ್ತದೆ.

ಇದರಲ್ಲಿ ನಷ್ಟವೂ ಇದೆ, ಮುಚ್ಚಿಡುವುದಿಲ್ಲ. ಪಿಡಿಎಫ್ ಮಾಡಿದರೆ ಅಕ್ಷರ ಹಾರಿ ಬರುವ, ಚಿತ್ರ ತಿರುಗುವ ಆಟ ಇರುವುದಿಲ್ಲ. ಮೇಡಂ ಅದಕ್ಕೂ ದಾರಿ ಕಂಡುಕೊಂಡರು. ಒಂದೇ ಸ್ಲೈಡನ್ನು ಮೂರು ಸಲ ನಕಲು ಮಾಡಿ, ಮೊದಲನೆಯದರಲ್ಲಿ ಎಲೆ, ಎರಡನೆಯದರಲ್ಲಿ ಎಲೆಯ ಜೊತೆ ಸೂರ್ಯ, ಮೂರನೆಯದರಲ್ಲಿ ನೀರು ಮತ್ತು ಇಂಗಾಲದ ಡೈಆಕ್ಸೈಡಿನ ಬಾಣ ಇಡುತ್ತಾರೆ. ಗುಂಡಿ ಒತ್ತುತ್ತಾ ಹೋದರೆ ಚಿತ್ರ ಬೆಳೆಯುತ್ತಾ ಹೋಗುತ್ತದೆ. ವಿಡಿಯೋ ಇದ್ದರೆ ಬೇರೆಯಾಗಿ ವಿಎಲ್‌ಸಿಯಲ್ಲಿ ಹಾಕುತ್ತಾರೆ. ಪಿಡಿಎಫ್ ಅನ್ನು ಸುಲಭವಾಗಿ ತಿದ್ದಲು ಬರುವುದಿಲ್ಲ, ಹಾಗಾಗಿ ಮೂಲ ಕಡತವನ್ನು ಯಾರೂ ಅಳಿಸಬಾರದು. ಇದನ್ನು ಒಂದು ಹಾಳೆಯಲ್ಲಿ ಬರೆದು ಕೊಠಡಿಯ ಗೋಡೆಗೆ ಅಂಟಿಸಿದ್ದೇವೆ.

ನನ್ನ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮಾತು. ಈ ವರ್ಷ ನಮ್ಮಲ್ಲಿ ಅನೇಕರು ಶಾಲೆಗೆ ಏನಾದರೂ ಕೊಡಬೇಕು ಅಂದುಕೊಂಡಿದ್ದೀರಿ. ಕೊಡಿ, ಸಂತೋಷ. ಜೊತೆಗೆ ಕೊಟ್ಟ ವಸ್ತುವಿನ ಪಕ್ಕದಲ್ಲಿ ಅರ್ಧ ದಿನ ಕೂತು ಹೋಗಿ. ಅದನ್ನು ಬಳಸುವವರು ಏನು ಹೇಳುತ್ತಾರೆ ಕೇಳಿ. ಮೊದಲ ಸೋಲಿನ ನಂತರ ನಾನು ಬರದೇ ಇದ್ದಿದ್ದರೆ ಆ ಆರು ಕಂಪ್ಯೂಟರ್ ಇಷ್ಟೊತ್ತಿಗೆ ಧೂಳು ಹಿಡಿದು, ಮೇಲೆ ದಾನಿಗಳ ಹೆಸರಿನ ಫಲಕ ಮಾತ್ರ ಹೊಳೆಯುತ್ತಿರುತ್ತಿತ್ತು.

ಕಳೆದ ತಿಂಗಳು ಅದೇ ಕೊಠಡಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಕನ್ನಡ ಮೇಷ್ಟ್ರು. ಮೇಡಂ ಎಫ್5 ಒತ್ತಿದರು. ‘ದ್ಯುತಿಸಂಶ್ಲೇಷಣೆ’ ತನ್ನ ಎಲ್ಲ ಒತ್ತುಗಳೊಂದಿಗೆ ಗೋಡೆಯ ಮೇಲೆ ಮೂಡಿತು. ಮಕ್ಕಳು ಒಟ್ಟಿಗೆ ಓದಿದರು. ಮೂರನೆಯ ಸ್ಲೈಡಿಗೆ ಒಬ್ಬ ಹುಡುಗ ಎದ್ದು ನಿಂತು, “ಮಿಸ್, ‘ಪತ್ರಹರಿತ್ತು’ ಪದದಲ್ಲಿ ತ ಒತ್ತು ಬಿಟ್ಟುಹೋಗಿದೆ” ಅಂದ. ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಟೈಪ್ ಮಾಡುವಾಗಲೇ ತಪ್ಪಿತ್ತು. ಮೇಡಂ ನಕ್ಕು, ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸರಿಯಾದ ಪದ ಬರೆದರು. ಮೇಷ್ಟ್ರು ನನ್ನ ಕಡೆ ಬಾಗಿ ಹೇಳಿದರು: “ಈ ಸಲ ಯಂತ್ರಕ್ಕೆ ಪೂರ್ತಿ ಅಂಕ ಕೊಡಬಹುದು ಕಣಪ್ಪಾ.”