ಒಂದೇ ಬಣ್ಣದ ಚೀನೀ ಹೂದಾನಿ



ನಮ್ಮ ದಾವಣಗೆರೆ, ಹರಿಹರಗಳಲ್ಲಿ ಹಳೆಯ ನಾಣ್ಯ, ಅಂಚೆಚೀಟಿ ಕೂಡಿಡುವವರು ಸಾಕಷ್ಟು ಮಂದಿ ಇದ್ದಾರೆ. ಚೀನಾದ ಪುರಾತನ ಪಿಂಗಾಣಿ ಹೂದಾನಿಗಳ ಮೇಲೆ ಆಸೆ ಇಟ್ಟವರು ವಿರಳ. ಆದರೂ ವಿದ್ಯಾನಗರದ ಕೆಲವು ಗೆಳೆಯರು ನನ್ನನ್ನು ಕೇಳಿದ್ದುಂಟು: ಚಿತ್ರವಿಲ್ಲ, ಬಳ್ಳಿಯಿಲ್ಲ, ಬರೀ ಒಂದು ಬಣ್ಣ; ಅಂಥ ಹೂದಾನಿಗೆ ಅಷ್ಟೊಂದು ಬೆಲೆ ಏಕೆ?

ಉತ್ತರ ಆವಿಗೆಯಲ್ಲಿದೆ. ಚೀನೀ ಮಣ್ಣಿನ ಪಾತ್ರೆಗೆ ಗಾಜಿನಂಥ ಲೇಪ ಕೊಟ್ಟು ಸುಮಾರು 1300 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ತಾಮ್ರ ಬೆರೆತ ಲೇಪ ಗಾಳಿ ಧಾರಾಳವಾಗಿ ಆಡುವ ಆವಿಗೆಯಲ್ಲಿ ಹಸಿರಾಗುತ್ತದೆ. ಗಾಳಿಯನ್ನು ಕಟ್ಟಿ ಹೊಗೆಯುರಿಯಲ್ಲಿ ಸುಟ್ಟರೆ ಅದೇ ತಾಮ್ರ ಕೆಂಪಾಗುತ್ತದೆ. ಉರಿ ಸ್ವಲ್ಪ ತಪ್ಪಿದರೂ ಬಣ್ಣ ಮಾಸಿಹೋಗುತ್ತದೆ. ಚಿತ್ರ ಬರೆದ ಪಾತ್ರೆಯಲ್ಲಿ ಸಣ್ಣ ದೋಷವನ್ನು ಹಕ್ಕಿಯೋ ಹೂವೋ ಮರೆಸುತ್ತದೆ. ಇಲ್ಲಿ ಮರೆಸಲು ಏನೂ ಇಲ್ಲ. 15ನೆಯ ಶತಮಾನದ ಮೊದಲಲ್ಲಿ ಸಾಧಿಸಿದ್ದ ಈ ಕೆಂಪು ಬಣ್ಣ ಮುಂದೆ ಬಹುಮಟ್ಟಿಗೆ ಕೈತಪ್ಪಿಹೋಗಿ, ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ (1662–1722) ಜಿಂಗ್‌ದೆಝೆನ್ ಊರಿನ ಕುಂಬಾರರಿಗೆ ಮತ್ತೆ ಒಲಿಯಿತು.

ಕೊಳ್ಳುವವನಿಗೆ ತೊಡಕೂ ಇಲ್ಲಿಯೇ. ಚಿತ್ರಕಾರನ ಕೈಬರಹ ಇಲ್ಲದಿರುವುದರಿಂದ ನಕಲು ಪತ್ತೆ ಹಚ್ಚುವುದು ಕಷ್ಟ. ತಳದಲ್ಲಿ ಚಕ್ರವರ್ತಿಯ ಹೆಸರಿನ ಆರು ಅಕ್ಷರಗಳಿದ್ದರೆ ಸಾಕು ಎಂದು ಅನೇಕರು ತಿಳಿದಿದ್ದಾರೆ. ಹಿಂದಿನ ದೊರೆಗಳ ಹೆಸರನ್ನು ಹಾಕುವುದು ಚೀನೀ ಕುಂಬಾರರಲ್ಲಿ ಗೌರವಕ್ಕಾಗಿಯೂ ಇತ್ತು, ಮೋಸಕ್ಕಾಗಿಯೂ ಇತ್ತು. ಆದ್ದರಿಂದ ಅಕ್ಷರಕ್ಕಿಂತ ಮೊದಲು ಬುಡದ ಅಂಚನ್ನು ನೋಡಬೇಕು. ಲೇಪವಿಲ್ಲದ ಆ ಅಂಚಿನಲ್ಲಿ ಒಳಗಿನ ಮಣ್ಣು ಕಾಣುತ್ತದೆ. ಲೋಂಗ್‌ಚ್ವಾನ್ ಪ್ರದೇಶದ ಹಸಿರು ಪಾತ್ರೆಗಳಲ್ಲಿ ಅದು ಸಾಮಾನ್ಯವಾಗಿ ಇಟ್ಟಿಗೆಗೆಂಪಿಗೆ ತಿರುಗಿರುತ್ತದೆ. (ಅಜ್ಜಿಯ ಉಪ್ಪಿನಕಾಯಿ ಭರಣಿ ಬೇರೆ ಜಾತಿಯದು, ಅದರ ಮೈ ದಪ್ಪ, ಬೆಳಕು ತೂರುವುದಿಲ್ಲ.)

ಕಣ್ಣು ಪಳಗಿಸಲು ಚೀನಾಕ್ಕೆ ಹೋಗಬೇಕಾಗಿಲ್ಲ. ಬಿಜಾಪುರದ, ಅಂದರೆ ಇಂದಿನ ವಿಜಯಪುರದ ಗೋಲ್ ಗುಂಬಜದ ಮುಂದಿನ ನಕ್ಕಾರಖಾನೆಯಲ್ಲಿ ವಸ್ತುಸಂಗ್ರಹಾಲಯವಿದೆ. ಆದಿಲಶಾಹಿಗಳ ಅಸಾರ್ ಮಹಲಿನಿಂದ ಬಂದ ಚೀನೀ ಪಿಂಗಾಣಿಯನ್ನು ಅಲ್ಲಿ ಕಾಣಬಹುದು. ವಿಷ ಬೆರೆತ ಊಟ ಬಡಿಸಿದರೆ ಹಸಿರು ಪಿಂಗಾಣಿ ತಟ್ಟೆ ಒಡೆಯುತ್ತದೆ ಎಂಬ ನಂಬಿಕೆ ನಮ್ಮ ದೇಶದಲ್ಲಿ ಹಿಂದೆ ಇತ್ತು. ಎಷ್ಟು ಅಡುಗೆಯವರು ಕೈಜಾರಿ ತಟ್ಟೆ ಒಡೆದು ಪೇಚಿಗೆ ಸಿಕ್ಕಿದರೋ!

ಇನ್ನೂ ಹತ್ತಿರದ್ದು ಹಂಪಿ. ಹರಪನಹಳ್ಳಿ ಮೇಲೆ ಹೊಸಪೇಟೆಗೆ ಹೋದರೆ ಅರ್ಧ ದಿನದ ದಾರಿ. ಅಲ್ಲಿನ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ನಾನು ಸಂಗ್ರಾಹಕರಿಗೆ ಒತ್ತಿ ಹೇಳುವುದು ಈ ಚೂರುಗಳ ಬಗ್ಗೆ. ಒಂದು ನೆಲಗಟ್ಟಿನ ಅಡಿಯಲ್ಲಿ, ಯಾರೂ ಕದಲಿಸದ ಮಣ್ಣಿನಲ್ಲಿ ಪಿಂಗಾಣಿ ಚೂರು ಸಿಕ್ಕಿತು ಎನ್ನಿ. ಆ ಪಾತ್ರೆ ತಯಾರಾದ ಕಾಲ ಗೊತ್ತಿದ್ದರೆ, ನೆಲಗಟ್ಟು ಅದಕ್ಕಿಂತ ಹಿಂದಿನದಲ್ಲ ಎಂದು ಹೇಳಬಹುದು. ಅದೇ ಚೂರನ್ನು ಜೇಬಿಗೆ ಹಾಕಿಕೊಂಡು ತಂದು ಷೋಕೇಸಿನಲ್ಲಿಟ್ಟರೆ ಅದು ಒಡಕು ಪಿಂಗಾಣಿ, ಅಷ್ಟೆ. ಹಾಗೆ ತರುವುದು ಅಪರಾಧವೂ ಹೌದು.

ಕೊಳ್ಳಲೇಬೇಕೆಂದಿರುವವರು ಕಾನೂನು ತಿಳಿದಿರಲಿ. 1972ರ ಪುರಾತನ ವಸ್ತುಗಳ ಅಧಿನಿಯಮದಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂಥ ವಸ್ತು ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು; ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅಂಗಡಿಯವರಿಂದ ವಸ್ತುವಿನ ಕಾಲವನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳಿ. ಬಾಯಲ್ಲಿ ಮುನ್ನೂರು ವರ್ಷ ಎಂದವರು ಬರೆದು ಕೊಡಲು ಹಿಂಜರಿದರೆ, ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಹೊರಗೆ ಬನ್ನಿ.