ಕುಣಿಯುವ ಸ್ಪ್ರಿಂಗು, ತಡೆಯುವ ಎಣ್ಣೆ

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನಲ್ಲಿ ನಿಮಗೊಬ್ಬ ಚಿಕ್ಕಪ್ಪ ಇದ್ದಾರೆ ಅಂದುಕೊಳ್ಳಿ. ಅಂದುಕೊಳ್ಳುವುದೇನು, ನಿಮ್ಮಲ್ಲಿ ಕೆಲವರಿಗೆ ನಿಜವಾಗಿಯೂ ಇದ್ದಾರು. ಆ ಕಡೆಯ ಊರುಗಳಲ್ಲಿ ಕನ್ನಡದ ಮನೆಗಳಿಗೇನೂ ಬರವಿಲ್ಲ. ನಮ್ಮ ಈ ಚಿಕ್ಕಪ್ಪನ ಹತ್ತಿರ ಎರಡೇ ಸೀಟಿನ ಪುಟ್ಟ ಕಾರೊಂದಿದೆ, ಮಾಜ್ದಾ ಮಿಯಾಟಾ. 1989ರಲ್ಲಿ ಮೊದಲು ಕಾಣಿಸಿಕೊಂಡ ಜಪಾನಿ ಕಾರು, ತೂಕ ಹೆಚ್ಚು ಕಡಿಮೆ 1000 ಕೆ.ಜಿ. ವಾರವಿಡೀ ಎಲ್ ಕಮೀನೋ ರಿಯಲ್ ರಸ್ತೆಯಲ್ಲಿ ಸಿಗ್ನಲ್ಲಿಗೊಮ್ಮೆ ನಿಂತು ಆಫೀಸಿಗೆ ಹೋಗಿಬರುವುದೇ ಅದರ ಕೆಲಸ. ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ 101ನೇ ಹೆದ್ದಾರಿ ಹಿಡಿದು, ದಕ್ಷಿಣಕ್ಕೆ ಸುಮಾರು 130 ಕಿ.ಮೀ. ದೂರದ ಲಗೂನಾ ಸೆಕಾ ರೇಸ್ ಟ್ರ್ಯಾಕಿಗೆ ಹೋಗುತ್ತದೆ. ಅಲ್ಲಿ ಕೆಲವು ದಿನ ಸಾಮಾನ್ಯ ಜನ ತಮ್ಮ ಸ್ವಂತ ಕಾರನ್ನೇ ತಂದು, ಹೆಲ್ಮೆಟ್ ಹಾಕಿಕೊಂಡು, ಕಾರಿನ ತಪಾಸಣೆ ಮಾಡಿಸಿ ಓಡಿಸಬಹುದು. ವೇಗದ ಆಸೆ ಇರುವವರಿಗೆ ಸರಿಯಾದ ಜಾಗ ಅದೇ. ಊರೊಳಗಿನ ರಸ್ತೆ ಖಂಡಿತ ಅಲ್ಲ.

ಈಗ ಚಿಕ್ಕಪ್ಪನಿಗೆ ಕಾರಿನ ಸಸ್ಪೆನ್ಷನ್, ಅಂದರೆ ಚಕ್ರಕ್ಕೂ ಕಾರಿನ ಮೈಗೂ ನಡುವಿನ ಸ್ಪ್ರಿಂಗು ಮುಂತಾದವನ್ನು, ಬದಲಾಯಿಸುವ ಮನಸ್ಸಾಗಿದೆ. ಸ್ನೇಹಿತರೆಲ್ಲ ಹೇಳುವುದು ಒಂದೇ ಮಾತು: ಗಟ್ಟಿ ಸ್ಪ್ರಿಂಗ್ ಹಾಕಿಸು, ಕಾರನ್ನು ತಗ್ಗಿಸು. ರೇಸ್ ಕಾರುಗಳು ನೆಲಕ್ಕೆ ಅಂಟಿಕೊಂಡಂತೆ ಇರುತ್ತವಲ್ಲ, ಹಾಗಾಗಿ ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ನಿಜಕ್ಕೂ ಎಷ್ಟು ಸರಿ? ಲೆಕ್ಕ ಹಾಕಿಯೇ ನೋಡೋಣ, ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕ ಬಂದರೆ ಸಾಕು.

ಮೊದಲು ಕಾರಿನ ಕೆಳಗೆ ಬಗ್ಗಿ ನೋಡಿ. ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ. 1000 ಕೆ.ಜಿ.ಯನ್ನು ನಾಲ್ಕು ಟೈರುಗಳಿಗೆ ಹಂಚಿದರೆ ಒಂದೊಂದರ ಮೇಲೆ 250 ಕೆ.ಜಿ. ಟೈರಿನೊಳಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕೆ.ಜಿ. ಭಾರ ಹೊರುತ್ತದೆ. 250ನ್ನು 2ರಿಂದ ಭಾಗಿಸಿ: 125 ಚದರ ಸೆಂಟಿಮೀಟರ್. ಅಂದರೆ ಒಂದು ಟೈರು ನೆಲಕ್ಕೆ ತಾಗುವ ಜಾಗ ಉದ್ದ, ಅಗಲ ಎರಡೂ ಸುಮಾರು 11 ಸೆಂ.ಮೀ. ಅಷ್ಟೇ. ಬ್ರೇಕು, ತಿರುವು, ವೇಗ, ಎಲ್ಲವೂ ಈ ನಾಲ್ಕು ಪುಟ್ಟ ರಬ್ಬರ್ ತುಣುಕುಗಳ ಹಿಡಿತದಿಂದಲೇ ಆಗಬೇಕು. ಆ ತುಣುಕುಗಳು ರಸ್ತೆಯನ್ನು ಬಿಡದೆ, ಒಂದೇ ಸಮ ಒತ್ತಿಕೊಂಡಿರುವಂತೆ ನೋಡಿಕೊಳ್ಳುವುದು ಸಸ್ಪೆನ್ಷನ್ನಿನ ದೊಡ್ಡ ಕೆಲಸ. ನಮ್ಮ ಸೊಂಟ ಕಾಪಾಡುವುದು ಅದರ ಎರಡನೆಯ ಕೆಲಸ.

ಸ್ಪ್ರಿಂಗಿನ ಗುಣ ತಿಳಿಯಲು ಒಂದು ಪ್ರಯೋಗ ಮಾಡಿ. ಐದಾರು ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ ಸರ ಮಾಡಿ, ಬಾಗಿಲ ಚಿಲಕಕ್ಕೆ ಕಟ್ಟಿ ಇಳಿಬಿಡಿ. ತುದಿಗೆ ಒಂದು ಕಲ್ಲು ಕಟ್ಟಿ. ಕಲ್ಲಿನ ಭಾರಕ್ಕೆ ಸರ ಮೊದಲಿಗಿಂತ 25 ಸೆಂ.ಮೀ. ಉದ್ದ ಜಗ್ಗುವಂಥ ಕಲ್ಲು ಹುಡುಕಿಕೊಳ್ಳಿ. ಈಗ ಕಲ್ಲನ್ನು ಸ್ವಲ್ಪ ಕೆಳಗೆಳೆದು ಬಿಟ್ಟರೆ ಅದು ಮೇಲೆ ಕೆಳಗೆ ಕುಣಿಯುತ್ತದೆ. ಎಣಿಸಿ. ಸೆಕೆಂಡಿಗೆ ಸುಮಾರು ಒಂದು ಕುಣಿತ! ಇನ್ನು ಸರವನ್ನು ಗಿಡ್ಡ ಮಾಡಿ, ಅಥವಾ ದಪ್ಪ ಬ್ಯಾಂಡು ಹಾಕಿ, 6 ಸೆಂ.ಮೀ. ಮಾತ್ರ ಜಗ್ಗುವಂತೆ ಮಾಡಿ. ಈಗ ಸೆಕೆಂಡಿಗೆ ಎರಡು ಕುಣಿತ. ಕಲ್ಲು ದೊಡ್ಡದೋ ಚಿಕ್ಕದೋ ಅನ್ನುವುದು ಮುಖ್ಯವಲ್ಲ, ಎಷ್ಟು ಜಗ್ಗಿತು ಅನ್ನುವುದಷ್ಟೇ ಲೆಕ್ಕಕ್ಕೆ. ನನಗಂತೂ ಇದು ಇಡೀ ಭೌತಶಾಸ್ತ್ರದಲ್ಲಿ ಬಹಳ ಚೆಂದದ ಸಂಗತಿಗಳಲ್ಲೊಂದು. ಇನ್ನೊಂದನ್ನೂ ಗಮನಿಸಿದಿರಾ? ಕುಣಿತ ಎರಡರಷ್ಟು ಬೇಗವಾಗಬೇಕಾದರೆ ಜಗ್ಗುವುದು ನಾಲ್ಕನೇ ಒಂದು ಭಾಗಕ್ಕೆ ಇಳಿಯಬೇಕು. ಅಂದರೆ ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿಯಾಗಬೇಕು.

ಎಳೆದಷ್ಟೂ ಸ್ಪ್ರಿಂಗಿನ ಬಲ ಅದೇ ಪ್ರಮಾಣದಲ್ಲಿ ಏರುತ್ತದೆ ಅನ್ನುವುದನ್ನು ಕಂಡುಹಿಡಿದವರು ಇಂಗ್ಲೆಂಡಿನ ರಾಬರ್ಟ್ ಹುಕ್. ಬೇರೆಯವರು ಕದ್ದಾರು ಅನ್ನುವ ಭಯಕ್ಕೆ ಅವರು 1676ರಲ್ಲಿ ತಮ್ಮ ನಿಯಮದ ಲ್ಯಾಟಿನ್ ಮಾತನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಆ ಹದಿನಾಲ್ಕು ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಒಗಟಾಗಿ ಅಚ್ಚು ಹಾಕಿಸಿದರು. ಉತ್ತರ ಹೇಳಿದ್ದು ಎರಡು ವರ್ಷ ಬಿಟ್ಟು, 1678ರಲ್ಲಿ. ದೊಡ್ಡ ವಿಜ್ಞಾನಿಗಳೂ ಹೀಗೆಲ್ಲ ಆಟವಾಡುತ್ತಿದ್ದರು.

ಆರಾಮವಾಗಿ ಓಡಾಡುವ ಕಾರುಗಳ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಕುಣಿಯುವಂತೆ ಸ್ಪ್ರಿಂಗ್ ಹಾಕಿರುತ್ತಾರೆ. ಟ್ರ್ಯಾಕಿಗೂ ಹೋಗುವ ಪುಟ್ಟ ಕಾರಿಗೆ ಎರಡರ ಹತ್ತಿರ ಬಂದರೆ ಸಾಕು. ಬರೀ ರೇಸಿಗೇ ಹುಟ್ಟಿದ ಕಾರುಗಳಲ್ಲಿ ಇದು ಮೂರು ದಾಟುವುದೂ ಉಂಟು. ನಮ್ಮ ದೇಹಕ್ಕೆ ಮೇಲೆ ಕೆಳಗಿನ ಅಲುಗಾಟದಲ್ಲಿ ಅತ್ಯಂತ ಕಿರಿಕಿರಿ ಆಗುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಆದಾಗ. ಸ್ಪ್ರಿಂಗನ್ನು ಗಟ್ಟಿ ಮಾಡುತ್ತಾ ಹೋದಷ್ಟೂ ನಾವು ಆ ಕಿರಿಕಿರಿಯ ಕಡೆಗೇ ಹೋಗುತ್ತಿರುತ್ತೇವೆ. ನುಣುಪಾದ ಟ್ರ್ಯಾಕಿನಲ್ಲಿ ಅದು ಗೊತ್ತಾಗುವುದಿಲ್ಲ. ಬಿರುಕಿಗೆ ಟಾರು ಬಳಿದ ಊರ ರಸ್ತೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹಲ್ಲು ಕಟಕಟ ಅನ್ನುವುದಿರಲಿ, ಟೈರೇ ಪ್ರತಿ ಉಬ್ಬಿಗೂ ಪುಟಿದು ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು?

ಸ್ಪ್ರಿಂಗಿಗೆ ಇನ್ನೊಂದು ಅವಗುಣ: ಕುಣಿಯಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ನಿಮ್ಮ ಕಲ್ಲು ಇನ್ನೂ ಕುಣಿಯುತ್ತಲೇ ಇರಬೇಕು ನೋಡಿ. ಅದರ ಕೆಳಗೆ ಡಬ್ಬಿಯ ಮುಚ್ಚಳವೊಂದನ್ನು ಅಡ್ಡಲಾಗಿ ಕಟ್ಟಿ, ಒಂದು ಬಕೆಟ್ ನೀರು ತಂದು ಕಲ್ಲು ಅದರಲ್ಲಿ ಮುಳುಗುವಂತೆ ಇಡಿ. ಈಗ ಎಳೆದು ಬಿಡಿ. ಒಂದೆರಡು ಸಲ ಆಡಿ ಸುಮ್ಮನಾಯಿತಲ್ಲ? ನೀರನ್ನು ಪಕ್ಕಕ್ಕೆ ತಳ್ಳುವುದರಲ್ಲೇ ಅದರ ಶಕ್ತಿಯೆಲ್ಲ ಖರ್ಚಾಯಿತು. ಕಾರಿನ ಶಾಕ್ ಅಬ್ಸಾರ್ಬರ್ ಮಾಡುವುದೂ ಇದನ್ನೇ. ಒಂದು ಕೊಳವೆಯ ತುಂಬ ಎಣ್ಣೆ, ಅದರೊಳಗೆ ಸಣ್ಣ ಸಣ್ಣ ತೂತುಗಳಿರುವ ಪಿಸ್ಟನ್. ಚಕ್ರ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು, ನುಸುಳುವಾಗ ಬಿಸಿಯಾಗುತ್ತದೆ. ಕುಣಿತವೆಲ್ಲ ಶಾಖವಾಗಿ ಗಾಳಿಗೆ ಹೋಗುತ್ತದೆ.

ಹಳೆಯ ಕಾರಿನಲ್ಲಿ ಈ ಶಾಕ್ ಸೋತಿರುತ್ತದೆ, ಎಣ್ಣೆ ಸೋರಿರುತ್ತದೆ. ಅಂಥ ಕಾರಿಗೆ ಗಟ್ಟಿ ಸ್ಪ್ರಿಂಗ್ ಮಾತ್ರ ಹಾಕಿಸಿದರೆ ಇನ್ನೂ ಕೆಟ್ಟದು: ಕುಣಿಸುವ ಬಲ ಹೆಚ್ಚಿತು, ತಡೆಯುವವರಿಲ್ಲ. ಚಿಕ್ಕಪ್ಪ ನನ್ನನ್ನು ಕೇಳಿದರೆ, ಇರುವ ದುಡ್ಡಿನಲ್ಲಿ ದೊಡ್ಡ ಪಾಲು ಒಳ್ಳೆಯ ಶಾಕ್‌ಗೆ ಹಾಕಿ ಅನ್ನುತ್ತೇನೆ. ಅದಕ್ಕೂ ಮೊದಲು ಹದಿನೈದು ಇಪ್ಪತ್ತು ವರ್ಷ ದುಡಿದು ಬಿರುಕು ಬಿಟ್ಟ, ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳನ್ನು ಬದಲಾಯಿಸಿ, ಒಳ್ಳೆಯ ಟೈರ್ ಹಾಕಿಸಿ ಅನ್ನುತ್ತೇನೆ. ಹೊಳೆಯುವ ಸ್ಪ್ರಿಂಗುಗಳ ಮುಂದೆ ಬುಷ್ ಯಾರ ಕಣ್ಣಿಗೂ ಬೀಳುವುದಿಲ್ಲ, ಪಾಪ.

ಇನ್ನು ತಿರುವಿನ ಕಥೆ. ಸಿಟಿ ಬಸ್ಸಿನಲ್ಲಿ ನಿಂತಿದ್ದೀರಿ, ಬಸ್ಸು ಸರಕ್ಕನೆ ಎಡಕ್ಕೆ ತಿರುಗಿತು, ನಿಮ್ಮ ಭಾರವೆಲ್ಲ ಬಲಗಾಲಿಗೆ ಬಂತು. ಕಾರಿಗೂ ಅದೇ ಗತಿ. ಎಷ್ಟು ಭಾರ ದಾಟುತ್ತದೆ? ಕಾರಿನ ತೂಕದ ಕೇಂದ್ರ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ 140 ಸೆಂ.ಮೀ. ಇದೆ ಅಂದುಕೊಳ್ಳೋಣ. ಜೋರಾದ ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ಕಾರಿನ ತೂಕದ ಹತ್ತರಲ್ಲಿ ಎಂಟು ಪಾಲು, ಅಂದರೆ 800 ಕೆ.ಜಿ.ಯಷ್ಟು. 800ನ್ನು 50ರಿಂದ ಗುಣಿಸಿ 140ರಿಂದ ಭಾಗಿಸಿದರೆ ಸುಮಾರು 286. ನೇರ ರಸ್ತೆಯಲ್ಲಿ ಎರಡೂ ಬದಿಗೆ 500, 500 ಇದ್ದದ್ದು ಈಗ ಒಳಬದಿಗೆ 214, ಹೊರಬದಿಗೆ 786 ಆಯಿತು! ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗಾಗಿ ಭಾರ ಒಂದೇ ಕಡೆ ವಾಲಿದಷ್ಟೂ ಒಟ್ಟು ಹಿಡಿತಕ್ಕೆ ನಷ್ಟ.

ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲಿದೆ ಹುಡುಕಿ. ಎಲ್ಲೂ ಇಲ್ಲ! ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ವಾಲುವುದು ಕಣ್ಣಿಗೆ ಕಡಿಮೆ ಕಾಣುತ್ತದೆ, ಭಾರ ಮಾತ್ರ ಹೆಚ್ಚು ಕಡಿಮೆ ಅಷ್ಟೇ ದಾಟುತ್ತದೆ. ಕಾರನ್ನು ತಗ್ಗಿಸಿದರೆ? 3 ಸೆಂ.ಮೀ. ತಗ್ಗಿಸಿ ಲೆಕ್ಕ ಹಾಕಿ: 50ರ ಬದಲು 47. ಉತ್ತರ ಸುಮಾರು 269. ಉಳಿದದ್ದು 17 ಕೆ.ಜಿ. ಇಷ್ಟಕ್ಕೆ ಎಷ್ಟು ಸಡಗರ!

ಹಾಗಾದರೆ ವಾಲುವುದನ್ನು ತಡೆಯುವುದರಿಂದ ಲಾಭವೇ ಇಲ್ಲವೇ? ಇದೆ. ಕಾರು ವಾಲಿದಾಗ ಟೈರೂ ಓರೆಯಾಗಿ ಹೊರ ಅಂಚಿನ ಮೇಲೆ ನಿಲ್ಲುತ್ತದೆ, 125 ಚದರ ಸೆಂಟಿಮೀಟರಿನ ಒತ್ತಡವೆಲ್ಲ ಒಂದು ಅಂಚಿಗೆ ಸರಿಯುತ್ತದೆ. ಅದಕ್ಕೇ ಮೆಕ್ಯಾನಿಕ್‌ಗಳು ಅಲೈನ್‌ಮೆಂಟ್ ಮಾಡುವಾಗ ಚಕ್ರಗಳ ಮೇಲ್ತುದಿಯನ್ನು ಒಳಕ್ಕೆ ಒಂಚೂರು ವಾಲಿಸುತ್ತಾರೆ. ಈ ಓರೆಗೆ ಕ್ಯಾಂಬರ್ ಎಂದು ಹೆಸರು. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಟೈರು ಸರಿಯಾಗಿ ನೆಟ್ಟಗಾಗುತ್ತದೆ. ಆದರೆ ಕ್ಯಾಂಬರ್ ಹೆಚ್ಚು ಕೊಟ್ಟರೆ ದಿನದ ಓಡಾಟದಲ್ಲಿ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಎಡ ಬಲ ಚಕ್ರಗಳನ್ನು ಕಟ್ಟಿಹಾಕುವ ಆಂಟಿ ರೋಲ್ ಬಾರ್ ಎಂಬ ಉಕ್ಕಿನ ಸರಳೂ ವಾಲುವಿಕೆಗೆ ತಡೆ ಹಾಕುತ್ತದೆ. ನೇರ ರಸ್ತೆಯಲ್ಲಿ ಎರಡೂ ಚಕ್ರ ಒಟ್ಟಿಗೆ ಉಬ್ಬು ಏರಿದರೆ ಅದು ಅಡ್ಡಿ ಮಾಡುವುದಿಲ್ಲ, ಆದ್ದರಿಂದ ಊರಿಗೂ ಟ್ರ್ಯಾಕಿಗೂ ಒಗ್ಗುವ ಜಾಣ ಉಪಾಯ.

ತಗ್ಗಿಸುವುದರ ನಿಜವಾದ ತೊಂದರೆ ಬೇರೆಯೇ. ಚಕ್ರ ಮೇಲಕ್ಕೆ ಸರಿಯಲು ಇರುವ ಜಾಗವೇ ಕೆಲವು ಸೆಂಟಿಮೀಟರ್. ಅದರಲ್ಲಿ 3 ಕತ್ತರಿಸಿದಿರಿ. ಮೌಂಟನ್ ವ್ಯೂನ ಓಣಿಗಳಲ್ಲೂ ಹಂಪ್‌ಗಳಿವೆ, ನಮ್ಮೂರಿನಷ್ಟು ಕಡಿದಾಗಿಲ್ಲ ಅಷ್ಟೇ. ಹಂಪ್ ಏರಿದಾಗ ಸ್ಪ್ರಿಂಗಿನ ಜಾಗ ಮುಗಿದು, ಕೊನೆಯಲ್ಲಿರುವ ರಬ್ಬರ್ ತಡೆಗೆ ಕಾರಿನ ಮೈ ಧಡ್ ಎಂದು ಬಡಿಯುತ್ತದೆ. ತಿರುವಿನ ನಡುವೆ ಹೀಗೆ ಬಡಿದರೆ ಅದು ಬರೀ ಸದ್ದಲ್ಲ, ಕಾರಿನ ಆ ಮೂಲೆ ಥಟ್ಟನೆ ಕಲ್ಲಿನಷ್ಟು ಗಟ್ಟಿಯಾಗಿ ಟೈರು ಜಾರಬಹುದು.

ರಬ್ಬರ್ ಎಂದಾಗ ನೆನಪಾಯಿತು. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿಗೆ ಉಕ್ಕಿನ ಸ್ಪ್ರಿಂಗೇ ಇರಲಿಲ್ಲ. ಅದನ್ನು ರೂಪಿಸಿದ ಅಲೆಕ್ ಇಸಿಗೊನಿಸ್ ಕಾರಿನಲ್ಲಿ ಜಾಗ ಉಳಿಸಲು ಹತ್ತೇ ಇಂಚಿನ ಚಕ್ರ ಹಾಕಿದರು. ಅವರ ಸ್ನೇಹಿತ ಅಲೆಕ್ಸ್ ಮೌಲ್ಟನ್ ಸ್ಪ್ರಿಂಗಿನ ಬದಲು ರಬ್ಬರ್ ಶಂಕುಗಳನ್ನು ಮಾಡಿಕೊಟ್ಟರು. ಅದುಮಿದಷ್ಟೂ ರಬ್ಬರ್ ಇನ್ನೂ ಗಟ್ಟಿಯಾಗುತ್ತದೆ, ಹೀಗಾಗಿ ಒಬ್ಬರಿದ್ದರೂ ನಾಲ್ವರಿದ್ದರೂ ಕಾರು ನಿಭಾಯಿಸುತ್ತಿತ್ತು. ಆ ಗುಬ್ಬಿಕಾರು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿಯನ್ನೇ ಗೆದ್ದಿತು.

ಮತ್ತೆ ಚಿಕ್ಕಪ್ಪನ ಕಾರಿಗೆ ಬರೋಣ. ಸ್ಪ್ರಿಂಗ್ ಬಿಚ್ಚುವ ಕೆಲಸಕ್ಕೆ ಮಾತ್ರ ನೀವು ಹತ್ತಿರ ಹೋಗಬೇಡಿ. ಅದುಮಿಟ್ಟ ಒಂದು ಕಾರಿನ ಸ್ಪ್ರಿಂಗಿನಲ್ಲಿ 30 ಕೆ.ಜಿ. ತೂಕದ ಹುಡುಗನನ್ನು ಒಂದು ಮೀಟರ್ ಮೇಲಕ್ಕೆ ಎಸೆಯುವಷ್ಟು ಶಕ್ತಿ ಇರಬಹುದು. ಅದನ್ನು ಹಿಡಿದಿಡುವ ಉಪಕರಣ ಜಾರಿದರೆ ದೊಡ್ಡವರಿಗೂ ಅಪಾಯ.

ಎಲ್ಲ ಮುಗಿದು ಚಿಕ್ಕಪ್ಪ ಲಗೂನಾ ಸೆಕಾ ತಲುಪಿದರು ಅನ್ನಿ. 1957ರಿಂದ ಓಟ ನಡೆಯುತ್ತಿರುವ ಈ ಟ್ರ್ಯಾಕಿನ ಉದ್ದ ಸುಮಾರು 3.6 ಕಿ.ಮೀ., ತಿರುವುಗಳು ಹನ್ನೊಂದು. ಅದರಲ್ಲಿ ಕಾರ್ಕ್‌ಸ್ಕ್ರೂ ಎಂಬ ಜೋಡಿ ತಿರುವು ಜಗತ್ಪ್ರಸಿದ್ಧ: 140 ಮೀಟರಿಗಿಂತ ಕಡಿಮೆ ದೂರದಲ್ಲಿ ರಸ್ತೆ 18 ಮೀಟರ್ ಕೆಳಗೆ ಬೀಳುತ್ತದೆ. ದಿಬ್ಬದ ತುದಿಯಲ್ಲಿ ಕಾರು ಹಗುರವಾಗುತ್ತದೆ, ಅದುಮಿಕೊಂಡಿದ್ದ ಸ್ಪ್ರಿಂಗು ಬಿಚ್ಚಿಕೊಂಡು ಚಕ್ರವನ್ನು ಕೆಳಕ್ಕೆ ಚಾಚಬೇಕು. ಗಿಡ್ಡ, ಗಟ್ಟಿ ಸ್ಪ್ರಿಂಗಾದರೆ ಚಾಚಲು ಉದ್ದವೇ ಸಾಲದು. ಇಳಿದ ಕೂಡಲೇ ಭಾರವೆಲ್ಲ ಮತ್ತೆ ಮೇಲೆ ಬೀಳುತ್ತದೆ. ಆಗ ಶಾಕ್‌ನ ಎಣ್ಣೆ ಕೆಲಸಕ್ಕೆ ನಿಲ್ಲಬೇಕು.

ನಾಲ್ಕಾರು ಸುತ್ತು ಓಡಿಸಿ ಒಳಗೆ ಬಂದವರು ಟೈರಿಗೆ ಥರ್ಮಾಮೀಟರ್ ಹಿಡಿಯುವುದನ್ನು ನೋಡಬಹುದು. ಒಳ ಅಂಚು, ನಡು, ಹೊರ ಅಂಚು, ಮೂರು ಕಡೆ ಅಳೆಯುತ್ತಾರೆ. ಹೊರ ಅಂಚೇ ತೀರಾ ಬಿಸಿಯಾಗಿದ್ದರೆ ಕ್ಯಾಂಬರ್ ಸಾಲದು, ಒಳ ಅಂಚು ಸುಡುತ್ತಿದ್ದರೆ ಹೆಚ್ಚಾಯಿತು, ನಡುಭಾಗವೇ ಹೆಚ್ಚು ಬಿಸಿಯಾಗಿದ್ದರೆ ಗಾಳಿ ಜಾಸ್ತಿ. ಒಳ್ಳೆಯ ಶಾಕ್‌ಗಳ ತುದಿಯಲ್ಲಿ ತಿರುಗಿಸುವ ಗುಬುಟು ಇರುತ್ತದೆ. ಅದನ್ನು ಕಟ್ ಕಟ್ ಎಂದು ತಿರುಗಿಸಿದರೆ ಎಣ್ಣೆಯ ದಾರಿ ಕಿರಿದಾಗಿ ಕುಣಿತಕ್ಕೆ ಬಿಗಿ ತಡೆ ಬೀಳುತ್ತದೆ. ಟ್ರ್ಯಾಕಿನಲ್ಲಿ ಬಿಗಿ ಮಾಡಿಕೊಂಡವರು ಸಂಜೆ ಊರಿಗೆ ಹೊರಡುವ ಮುಂಚೆ ಅಷ್ಟೇ ಸಲ ಹಿಂದಕ್ಕೆ ತಿರುಗಿಸಬೇಕು. ಚಿಕ್ಕಪ್ಪ ಮರೆತರೆ ಬೆಳ್ಳುಳ್ಳಿಯ ಊರು ಗಿಲ್ರಾಯ್ ದಾಟುವಷ್ಟರಲ್ಲಿ ಅವರ ಸೊಂಟವೇ ನೆನಪು ಮಾಡಿಕೊಡುತ್ತದೆ, ಮೌಂಟನ್ ವ್ಯೂಗೆ ಇನ್ನೂ ಮುಕ್ಕಾಲು ಗಂಟೆ ದಾರಿ ಇರುವಾಗ.